ಕಟ್ಟೋಕೆ ಕೋಟಿ, ಟ್ಯೂಬ್‌ಲೈಟಿಗೆ ತತ್ವಾರ: ತುಮಕೂರಿನ ಸಾರ್ವಜನಿಕ ಭವನಗಳ ಸೇವೆ ಹೇಗಿದೆ?

ತೀರ್ಪು ಮೊದಲೇ ಹೇಳಿಬಿಡೋಣ. ನಾಟಕ ಆಡಿಸೋಕೆ, ಶಾಲೆಯ ವಾರ್ಷಿಕೋತ್ಸವ ಮಾಡೋಕೆ, ಬೆಳಗ್ಗೆ ನಾಲ್ಕು ಸುತ್ತು ನಡೆಯೋಕೆ, ಕೂತು ಪೇಪರ್ ಓದೋಕೆ ತುಮಕೂರಿನಲ್ಲಿ ಸಾರ್ವಜನಿಕ ಜಾಗಗಳಿಗೆ ಬರವಿಲ್ಲ. ಅಮಾನಿಕೆರೆ ದಂಡೆ, ಗಾಜಿನಮನೆ, ಮಹಾತ್ಮ ಗಾಂಧಿ ಕ್ರೀಡಾಂಗಣ, ಗುಬ್ಬಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರ, ಇವುಗಳ ಜೊತೆಗೆ ವಾರ್ಡಿಗೊಂದರಂತೆ ಎದ್ದಿರುವ ಸಮುದಾಯ ಭವನಗಳು. ಕಟ್ಟುವ ಕೆಲಸಕ್ಕೆ ಐದಕ್ಕೆ ನಾಲ್ಕು ಅಂಕ ಕೊಡಬಹುದು. ಕಟ್ಟಿದ್ದನ್ನು ನಡೆಸಿಕೊಂಡು ಹೋಗುವ ಕೆಲಸಕ್ಕೆ ಒಂದೂವರೆ, ಅದೂ ಧಾರಾಳವಾಗಿ. ವಾಚ್‌ಮನ್ ಸರಿಯಿಲ್ಲ, ಎಂಜಿನಿಯರ್ ಸರಿಯಿಲ್ಲ ಅಂತ ಬೈದು ಮುಗಿಸಬಹುದು. ಆದರೆ ಹಣ ಯಾವ ದಾರಿಯಲ್ಲಿ ಬರುತ್ತದೆ ಅಂತ ನೋಡಿದರೆ, ಸೋರುವ ಸೂರು ಮತ್ತು ಮುರಿದ ಕುರ್ಚಿ ಮಂಜೂರಾತಿ ಪತ್ರದಲ್ಲೇ ಅರ್ಧ ಬರೆದಿರುತ್ತದೆ.

ಮೊದಲ ತೊಡಕು: ಕಟ್ಟಡ ಯಾರದ್ದು? ಜನ ಎಲ್ಲದಕ್ಕೂ ಪಾಲಿಕೆಯನ್ನೇ ಕೇಳುತ್ತಾರೆ. ಜಿಲ್ಲಾ ರಂಗಮಂದಿರ ಸಾಮಾನ್ಯವಾಗಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕೈಯಲ್ಲಿರುತ್ತದೆ, ಜಿಲ್ಲಾ ಕ್ರೀಡಾಂಗಣ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ, ಬಾಲಭವನ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ, ಗ್ರಂಥಾಲಯ ಗ್ರಂಥಾಲಯ ಇಲಾಖೆಗೆ ಸೇರಿರುತ್ತದೆ. ಪಾಲಿಕೆ ಅಥವಾ ನಗರಸಭೆಗೆ ಉಳಿಯುವುದು ಟೌನ್‌ಹಾಲ್, ಪಾರ್ಕು, ಸಮುದಾಯ ಭವನ, ಮಳಿಗೆ. ಕೋಲಾರದ ಟಿ. ಚನ್ನಯ್ಯ ರಂಗಮಂದಿರದ ಮುಂದೆ ನಿಂತು ನಗರಸಭೆಯನ್ನು ಬೈಯುವವರೂ, ಚಿಕ್ಕಬಳ್ಳಾಪುರದ ಸರ್ ಎಂ.ವಿ. ಕ್ರೀಡಾಂಗಣದ ದೀಪಕ್ಕೆ ವಾರ್ಡ್ ಸದಸ್ಯರನ್ನು ಹಿಡಿಯುವವರೂ ಅರ್ಜಿಯನ್ನು ತಪ್ಪು ಟೇಬಲ್ಲಿಗೆ ಕೊಡುತ್ತಿರುತ್ತಾರೆ. ಬುಕಿಂಗ್ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ: ಕರೆಂಟ್ ಬಿಲ್ ಯಾರ ಹೆಸರಿಗೆ ಬರುತ್ತದೆ? ಬೆಸ್ಕಾಂನ ಆರ್‌.ಆರ್‌. ನಂಬರ್ ಯಾರ ಹೆಸರಲ್ಲಿದೆಯೋ, ಮೋಟರ್ ಸುಟ್ಟಾಗ ಓಡಿ ಬರಬೇಕಾದವರು ಅವರು.

ತುಮಕೂರಿಗೆ ಇದರ ಮೇಲೊಂದು ಪದರ ಇದೆ. 2016ರಲ್ಲಿ ಊರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಈ ಯೋಜನೆಯಲ್ಲಿ ಒಂದು ನಗರಕ್ಕೆ ಕೇಂದ್ರದಿಂದ ಗರಿಷ್ಠ 500 ಕೋಟಿ, ಅಷ್ಟೇ ಮೊತ್ತ ರಾಜ್ಯ ಮತ್ತು ಸ್ಥಳೀಯ ಸಂಸ್ಥೆ ಕಡೆಯಿಂದ. ಹಣ ಖರ್ಚು ಮಾಡೋಕೆ ತುಮಕೂರು ಸ್ಮಾರ್ಟ್ ಸಿಟಿ ಲಿಮಿಟೆಡ್ ಅನ್ನುವ ಕಂಪನಿ. ಅದರಲ್ಲಿ ರಾಜ್ಯಕ್ಕೂ ಪಾಲಿಕೆಗೂ ಸಮಪಾಲು. ಅಮಾನಿಕೆರೆ ಅಭಿವೃದ್ಧಿ, ಮಹಾತ್ಮ ಗಾಂಧಿ ಕ್ರೀಡಾಂಗಣದ ಮರುನಿರ್ಮಾಣ ಈ ಹಣದವು. 2025ರ ಮಾರ್ಚ್ 31ಕ್ಕೆ ಮಿಷನ್ ಮುಗಿಯಿತು. ಕಟ್ಟಿದ ಕಂಪನಿಗೆ ಇನ್ನು ಕೇಂದ್ರದ ಕಂತು ಬರುವುದಿಲ್ಲ, ಆಸ್ತಿ ಮಾತ್ರ ಉಳಿಯಿತು. ಇಂಥ ಆಸ್ತಿಯನ್ನು ಪಾಲಿಕೆಗೋ ಇಲಾಖೆಗೋ ಹಸ್ತಾಂತರಿಸುವ ದಿನ ಫೋಟೋ ತೆಗೆಸಿಕೊಂಡರೆ ಸಾಲದು. ಫೈಲಿನಲ್ಲಿ ಇರಬೇಕಾದ್ದು ಇಷ್ಟು: ಕಟ್ಟಿದ ಹಾಗೆಯೇ ಬರೆದ ನಕ್ಷೆ (ಟೆಂಡರ್ ನಕ್ಷೆ ಬೇರೆ, ನೆಲದಡಿ ಪೈಪು ನಿಜವಾಗಿ ಹೋಗಿರುವ ದಾರಿ ಬೇರೆ), ಪಂಪು, ಲಿಫ್ಟು, ಜನರೇಟರುಗಳ ವಾರಂಟಿ ಪತ್ರ, ಮೀಟರ್ ಹೆಸರು ಬದಲಾವಣೆ, ದೋಷ ಹೊಣೆಗಾರಿಕೆ ಅವಧಿ ಮುಗಿಯುವ ತಾರೀಖು, ಗುತ್ತಿಗೆದಾರನ ಬಿಲ್ಲಿನಲ್ಲಿ ಹಿಡಿದಿಟ್ಟ ಎಫ್‌ಎಸ್‌ಡಿ (ಹೆಚ್ಚುವರಿ ಭದ್ರತಾ ಠೇವಣಿ) ಮೊತ್ತ. ಕೊನೆಯ ಎರಡು ಸಾಲು ಯಾರೂ ಓದುವುದಿಲ್ಲ. ಆ ಅವಧಿಯೊಳಗೆ ಒಂದು ಮಳೆಗಾಲದಲ್ಲಿ ಸೋರಿದರೂ ಗುತ್ತಿಗೆದಾರನೇ ತನ್ನ ಖರ್ಚಿನಲ್ಲಿ ಸರಿಮಾಡಬೇಕು, ಇಲ್ಲದಿದ್ದರೆ ಆ ಠೇವಣಿಯಿಂದ ಮುರಿದುಕೊಳ್ಳಬೇಕು. ಅವಧಿ ಮುಗಿದು ಠೇವಣಿ ಬಿಡುಗಡೆಯಾದ ಮರುವಾರ ದೂರು ಕೊಟ್ಟರೆ ಅದೇ ಸೋರಿಕೆಗೆ ಹೊಸ ಟೆಂಡರ್.

ಈಗ ಹಣದ ಚೀಲಗಳನ್ನು ಒಂದೊಂದಾಗಿ ನೋಡೋಣ. ನಡೆಸುವವರ ಕಣ್ಣಿನಿಂದ ನೋಡಿದರೆ ಇವುಗಳ ಗುಣ ತೀರಾ ಬೇರೆ ಬೇರೆ.

ಶಾಸಕರ ನಿಧಿ, ಕ್ಷೇತ್ರಕ್ಕೆ ವರ್ಷಕ್ಕೆ 2 ಕೋಟಿ. ಸಂಸದರ ನಿಧಿ 5 ಕೋಟಿ, ಅದನ್ನು ಇಡೀ ಲೋಕಸಭಾ ಕ್ಷೇತ್ರಕ್ಕೆ ಹಂಚಬೇಕು. ಬೇಗ ಸಿಗುವ ಹಣ ಇದೇ. ಆದರೆ ಇದು ಮೂಲತಃ ಹೊಸ ಆಸ್ತಿಗೆಂದು ಇಟ್ಟ ಹಣ. ಹೊಸ ಭವನಕ್ಕೆ, ಮೊದಲ ಮಹಡಿಗೆ, ಊಟದ ಹಾಲಿಗೆ, ಕಾಂಪೌಂಡಿಗೆ ಬರುತ್ತದೆ. ಐದು ವರ್ಷದ ಹಿಂದೆ ಇದೇ ಹಣದಲ್ಲಿ ಕಟ್ಟಿದ ಭವನದ ಪಾಯಿಖಾನೆ ರಿಪೇರಿಗೆ ಬರುವುದು ಅಪರೂಪ. ಕಲ್ಲಿನ ಫಲಕ ಹಾಕಲಾಗದ ಕೆಲಸಕ್ಕೆ ಯಾರಿಗೂ ಉತ್ಸಾಹ ಇರುವುದಿಲ್ಲ ಅನ್ನುವುದೂ ನಿಜವೇ. ಮೊತ್ತ ಚಿಕ್ಕದಾದ್ದರಿಂದ ಕೆಲಸವೂ ತುಂಡುತುಂಡು. ಈ ವರ್ಷ ಪಿಲ್ಲರ್, ಮುಂದಿನ ವರ್ಷ ಮೋಲ್ಡು, ಆಮೇಲೆ ಚುನಾವಣೆ. ಹೊರಗೆ ಚಾಚಿದ ಕಂಬಿ ಮೂರು ಮಳೆಗಾಲ ನೆನೆದು ತುಕ್ಕು ಹಿಡಿದಿರುತ್ತದೆ, ಅದರ ಮೇಲೇ ಕಾಂಕ್ರೀಟು ಬೀಳುತ್ತದೆ.

ಹಣಕಾಸು ಆಯೋಗದ ಹಣ ಇದಕ್ಕೆ ವಿರುದ್ಧ. ವರ್ಷವರ್ಷ ಬರುತ್ತದೆ, ಆದರೆ ಕೈ ಕಟ್ಟಿರುತ್ತದೆ. 2021-22ರಿಂದ 2025-26ರವರೆಗಿನ 15ನೇ ಹಣಕಾಸು ಆಯೋಗದ ಲೆಕ್ಕದಲ್ಲಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಂಥ ಊರುಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಉಳಿದ ಶೇ 40ರಲ್ಲಿ ರಸ್ತೆ, ಚರಂಡಿ, ಬೀದಿದೀಪ ಎಲ್ಲವೂ ಸರತಿಯಲ್ಲಿ ನಿಂತಿರುತ್ತವೆ. ಸಂಬಳಕ್ಕಂತೂ ಬಳಸುವಂತಿಲ್ಲ. ಚೂಟಿಯಾದ ಎಂಜಿನಿಯರ್ ಮಾಡುವ ಕೆಲಸ ಏನೆಂದರೆ, ಟೌನ್‌ಹಾಲಿನ ಶೌಚಾಲಯ ಮತ್ತು ಮಳೆನೀರು ಕೊಯ್ಲಿನ ಕಾಮಗಾರಿಯನ್ನು ಆ ಶೇ 60ರ ಕೆಳಗೆ ಹೊಂದಿಸಿ, ಛಾವಣಿಗೆ ಬೇರೆ ಚೀಲಕ್ಕೆ ಕೈಹಾಕುವುದು. ನಿಯಮದೊಳಗೇ ಇದೆ, ಮಾಡುವವರು ಕಡಿಮೆ.

ರಾಜ್ಯ ಹಣಕಾಸು ಆಯೋಗದ ಎಸ್‌ಎಫ್‌ಸಿ ಅನುದಾನ ಸ್ವಲ್ಪ ಸಡಿಲ. ರಾಜ್ಯ ಸರ್ಕಾರದ ನಗರಾಭಿವೃದ್ಧಿ ಯೋಜನೆಯಾದ ನಗರೋತ್ಥಾನದ ಹಣ ದೊಡ್ಡದು, ಆದರೆ ಹಂತಗಳಲ್ಲಿ ಬರುತ್ತದೆ. ಒಂದು ಹಂತದ ಪಟ್ಟಿಗೆ ಹೆಸರು ಬೀಳದಿದ್ದರೆ ಮುಂದಿನ ಹಂತದವರೆಗೆ ಕಾಯುವುದೇ. ನಗರ ಸ್ಥಳೀಯ ಸಂಸ್ಥೆಗಳ ಸ್ವಂತ ಹಣದಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪಂಗಡಗಳಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಅಂತ ತೆಗೆದಿಡಬೇಕು. ಕಾಲೊನಿಯ ಸಮುದಾಯ ಭವನಕ್ಕೆ ಮೊದಲನೆಯದು ಸಲ್ಲುತ್ತದೆ. ಕೊನೆಯ ಶೇ 5 ಅನ್ನು ಟೌನ್‌ಹಾಲಿನ ರ‍್ಯಾಂಪಿಗೆ ಬಳಸಬಹುದು ಅಂತ ಬಜೆಟ್ ಸಭೆಯಲ್ಲಿ ಎದ್ದು ಹೇಳುವವರು ಬೇಕು. ರ‍್ಯಾಂಪ್ ಅಂದಾಗ ಒಂದು ಲೆಕ್ಕ: ಇಳಿಜಾರು 1:12 ಇರಬೇಕು. ಮೆಟ್ಟಿಲ ಎತ್ತರ 60 ಸೆಂಟಿಮೀಟರ್ ಆದರೆ ರ‍್ಯಾಂಪು 7.2 ಮೀಟರ್ ಉದ್ದ. ಎರಡು ಮೀಟರಿನಲ್ಲಿ ಮುಗಿಸಿ ಗ್ರಾನೈಟ್ ಹಾಕಿದ ರ‍್ಯಾಂಪಿನಲ್ಲಿ ಗಾಲಿಕುರ್ಚಿ ಹತ್ತುವುದಿಲ್ಲ, ಬೈಕು ಮಾತ್ರ ಹತ್ತುತ್ತದೆ.

ಎಲ್ಲಕ್ಕಿಂತ ಚೆನ್ನಾಗಿ ಯೋಚಿಸಿ ಮಾಡಿದ ಚೀಲ ಗ್ರಂಥಾಲಯದ್ದು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ. ವರ್ಷಕ್ಕೆ 5,000 ರೂಪಾಯಿ ಕಂದಾಯ ಕಟ್ಟುವ ಮನೆಯಿಂದ 300 ರೂಪಾಯಿ ಪುಸ್ತಕ, ಪತ್ರಿಕೆ, ಓದುವ ಕೋಣೆಯ ಹೆಸರಿನಲ್ಲೇ ಬಂತು. ರಸೀದಿ ತೆಗೆದು ನೋಡಿ, ಸೆಸ್ಸಿನ ಸಾಲಿನಲ್ಲಿ ಇದೆ. ರಂಗಮಂದಿರಕ್ಕೋ ಈಜುಕೊಳಕ್ಕೋ ಇಂಥ ಹೆಸರಿಟ್ಟ ಕಾಸು ಒಂದೂ ಇಲ್ಲ. ವಸೂಲಾದ ಸೆಸ್ಸನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಕ್ಕೆ ದಾಟಿಸದೆ ಬಾಕಿ ಇಟ್ಟುಕೊಳ್ಳುವ ರೋಗ ರಾಜ್ಯದಲ್ಲಿ ಹಳೆಯದು, ಆ ಮಾತು ಬೇರೆ. ಹಣ ಇಂತಿಷ್ಟು ಬರಬೇಕಿತ್ತು ಅಂತ ಬೆರಳು ಮಡಿಸಿ ಕೇಳುವುದಕ್ಕಾದರೂ ಅಲ್ಲಿ ಅವಕಾಶ ಇದೆ.

ಇನ್ನು ಸಭಾಂಗಣದ ಬಾಡಿಗೆ. ಉದಾಹರಣೆಗೆ ದಿನಕ್ಕೆ 8,000 ರೂಪಾಯಿಯ ಸಭಾಂಗಣ ವರ್ಷಕ್ಕೆ 90 ದಿನ ಬುಕ್ ಆಯಿತು ಅಂತಿಟ್ಟುಕೊಳ್ಳಿ, 7.2 ಲಕ್ಷ. ಇಬ್ಬರು ವಾಚ್‌ಮನ್, ಒಬ್ಬರು ಸ್ವಚ್ಛತೆಯವರು ಹೊರಗುತ್ತಿಗೆಯಲ್ಲಿ, ತಲಾ 18,000 ಅಂದರೆ ವರ್ಷಕ್ಕೆ 6.48 ಲಕ್ಷ. ಉಳಿದ 72 ಸಾವಿರದಲ್ಲಿ ಕರೆಂಟು, ನೀರು, ಬಲ್ಬು, ಫಿನಾಯಿಲ್. ಕರೆಂಟಿನಲ್ಲಿ ಇನ್ನೊಂದು ಕುತ್ತು: ಹಾಲು ಬೀಗ ಹಾಕಿಕೊಂಡಿದ್ದರೂ ಮಂಜೂರಾದ ಲೋಡಿನ ಮೇಲೆ ತಿಂಗಳ ನಿಗದಿ ಶುಲ್ಕ ಬಂದೇ ಬರುತ್ತದೆ. ಕಟ್ಟುವಾಗ ದೊಡ್ಡಸ್ತಿಕೆಗೆ 60 ಕಿಲೋವ್ಯಾಟ್ ಬರೆಸಿ ಬಳಸುವುದು 25 ಆದರೆ, ಉಳಿದ 35ಕ್ಕೆ ಸುಮ್ಮನೆ ಕಟ್ಟುತ್ತಿರಬೇಕು. ಲೋಡು ಇಳಿಸೋಕೆ ಒಂದು ಅರ್ಜಿ ಸಾಕು.

ಅದಕ್ಕಿಂತ ಕೆಟ್ಟದ್ದು, ಈ ಬಾಡಿಗೆ ಹಣ ಆ ಕಟ್ಟಡದ ಹೆಸರಿನಲ್ಲಿ ಉಳಿಯುವುದೇ ಇಲ್ಲ. ಪಾಲಿಕೆಯ ಸಾಮಾನ್ಯ ನಿಧಿಗೆ ಜಮೆಯಾಗಿ ಪೌರಕಾರ್ಮಿಕರ ಸಂಬಳಕ್ಕೋ ನೀರಿನ ಪಂಪಿನ ಬಿಲ್ಲಿಗೋ ಕರಗುತ್ತದೆ. ಅವೂ ಬೇಕಾದ ಖರ್ಚುಗಳೇ. ಆದರೆ ಕಟ್ಟಡದ ಮರುಕಟ್ಟುವ ಬೆಲೆಯ ಶೇ 2ರಿಂದ 4ರಷ್ಟು ಪ್ರತಿವರ್ಷ ನಿರ್ವಹಣೆಗೆ ಇಡಬೇಕು ಅನ್ನುವುದು ಈ ಕೆಲಸ ಬಲ್ಲವರ ಲೆಕ್ಕ. 5 ಕೋಟಿಯ ಭವನಕ್ಕೆ ಕನಿಷ್ಠ 10 ಲಕ್ಷ. ಬಜೆಟ್ ಪುಸ್ತಕದಲ್ಲಿ ‘ಕಟ್ಟಡಗಳ ದುರಸ್ತಿ’ ಅಂತ ಎಲ್ಲ ಕಟ್ಟಡಕ್ಕೂ ಸೇರಿಸಿ ಒಂದೇ ಸಾಲು ಇದ್ದರೆ ಅಲ್ಲೇ ಗೊತ್ತಾಯಿತು: ಕಮಿಷನರ್ ಕೊಠಡಿಯ ಎಸಿಯೂ ಅದರಲ್ಲೇ, ರಂಗದ ಪರದೆಯೂ ಅದರಲ್ಲೇ. ಮೊದಲು ಸರಿಹೋಗುವುದು ಯಾವುದು ಅಂತ ಬೇರೆ ಹೇಳಬೇಕಿಲ್ಲ.

ಜಯಂತಿಗಳನ್ನೂ ಲೆಕ್ಕಕ್ಕೆ ತಗೊಳ್ಳಿ. ಸರ್ಕಾರಿ ಜಯಂತಿ, ರಾಜ್ಯೋತ್ಸವ, ಇಲಾಖೆಗಳ ಕಾರ್ಯಾಗಾರ ಬಹುತೇಕ ಪುಕ್ಕಟೆ. ಪುಕ್ಕಟೆ ಕೊಡಲಿ, ಆದರೆ ರಿಜಿಸ್ಟರಿನಲ್ಲಿ ಬಾಡಿಗೆ ಇಷ್ಟು, ವಿನಾಯಿತಿ ಇಷ್ಟು ಅಂತ ಬರೆಯಲಿ. ವರ್ಷದ ಕೊನೆಗೆ ವಿನಾಯಿತಿಯ ಮೊತ್ತ ಕೂಡಿಸಿದರೆ ಜಿಲ್ಲಾಡಳಿತದ ಮುಂದೆ ಕೈಚಾಚಲು ಒಂದು ಆಧಾರ ಸಿಗುತ್ತದೆ. ಈಗ ಆ ದಿನಗಳು ಖಾಲಿ ಬಿದ್ದವು ಅನ್ನುವ ಲೆಕ್ಕಕ್ಕೆ ಹೋಗುತ್ತವೆ.

ನವೀಕರಣ ಅಂತ ಹಣ ಬಂದಾಗ ಏನಾಗುತ್ತದೆ? 50 ಲಕ್ಷ ಮಂಜೂರಾಯಿತು ಅನ್ನಿ. ಸರ್ಕಾರಿ ಕಾಮಗಾರಿಗೆ ಜಿಎಸ್‌ಟಿ 2022ರ ಜುಲೈ 18ರಿಂದ ಶೇ 18. ಕೆಲಸಕ್ಕೆ ಉಳಿದದ್ದು 42 ಲಕ್ಷ ಚಿಲ್ಲರೆ. ಬಿಲ್ಲಿನಲ್ಲಿ ಕಾರ್ಮಿಕ ಕಲ್ಯಾಣ ಸೆಸ್ ಶೇ 1 ಮುರಿಯುತ್ತಾರೆ, ಅದನ್ನು ಗುತ್ತಿಗೆದಾರ ದರದಲ್ಲೇ ಸೇರಿಸಿರುತ್ತಾನೆ. ಇಷ್ಟರಲ್ಲಿ ಯಾವ ಕೆಲಸ ಮೊದಲು ಅನ್ನುವುದೇ ಪರೀಕ್ಷೆ. ಛಾವಣಿ, ಆಮೇಲೆ ವಿದ್ಯುತ್, ಆಮೇಲೆ ಶೌಚಾಲಯ, ಆಮೇಲೆ ಕುರ್ಚಿ, ಕಡೆಗೆ ಬಣ್ಣ. ಸರಿಯಾದ ಕ್ರಮ ಇದು. ನಡೆಯುವುದು ಉಲ್ಟಾ. ಬಣ್ಣ, ಪಿಒಪಿ ಸೀಲಿಂಗು, ಮುಂಭಾಗಕ್ಕೆ ಹೊಳೆಯುವ ಎಸಿಪಿ (ಅಲ್ಯುಮಿನಿಯಂ) ಹಾಳೆ, ಸ್ಟೀಲ್ ಅಕ್ಷರದ ಹೆಸರು. ಪಿಒಪಿ ಹಾಕಿದ ಮೇಲೆ ಮೋಲ್ಡಿನ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ. ನೀರು ಮೇಲೇ ನಿಂತು, ಎರಡನೇ ಮಳೆಗಾಲಕ್ಕೆ ಕಂದು ಕಲೆ, ಮೂರನೆಯದಕ್ಕೆ ತುಂಡು ಉದುರುವುದು.

ಛಾವಣಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹಣದ ಬಹುಪಾಲು ಪೋಲಾಗುವುದು ಇಲ್ಲೇ. ತಾರಸಿಗೆ ಕನಿಷ್ಠ 1:100 ಇಳಿಜಾರು ಬೇಕು: 15 ಮೀಟರ್ ಅಗಲದ ಹಾಲಿಗೆ ಒಂದೇ ಕಡೆ ನೀರು ಇಳಿಸಿದರೆ 15 ಸೆಂಟಿಮೀಟರ್ ಏರು. ಹಳೆಯ ಟೌನ್‌ಹಾಲುಗಳಲ್ಲಿ ಒಂದರ ಮೇಲೊಂದು ಗಾರೆ ಹಾಕಿ ಹಾಕಿ ಇಳಿಜಾರೇ ಸತ್ತಿರುತ್ತದೆ, ಮೋಲ್ಡಿನ ಮೇಲೆ ಭಾರ ಬೇರೆ. ಹೊಸ ಪದರ ಹಾಕುವ ಮೊದಲು ಹಳೆಯದನ್ನು ಕೆತ್ತಿ ತೆಗೆಯುವ ಐಟಂ ಎಸ್ಟಿಮೇಟಿನಲ್ಲಿ ಇದೆಯಾ ನೋಡಿ. ನೀರು ಒಳಗಿಳಿಯುವುದು ಸಾಮಾನ್ಯವಾಗಿ ತಾರಸಿಯ ನಡುವಿನಿಂದಲ್ಲ, ಪ್ಯಾರಪೆಟ್ ಗೋಡೆ ಸೇರುವ ಮೂಲೆಯಿಂದ ಮತ್ತು ಮಳೆನೀರಿನ ಪೈಪಿನ ಬಾಯಿಯಿಂದ. ಆ ಮೂಲೆಗೆ ಗೋಲಾಕಾರದ ಗಾರೆ ಪಟ್ಟಿ ಕೊಟ್ಟು, ಜಲನಿರೋಧಕ ಲೇಪವನ್ನು ಗೋಡೆಯ ಮೇಲೆ ಒಂದಡಿ ಹತ್ತಿಸಬೇಕು. ಪೈಪಿನ ಬಾಯಿಗೆ ಜಾಲರಿ ಇಲ್ಲದಿದ್ದರೆ ಹೊಂಗೆ ಎಲೆ, ಸಮಾರಂಭದ ಪ್ಲಾಸ್ಟಿಕ್ ಹೂವು ಸೇರಿ ಕಟ್ಟಿಕೊಂಡು ತಾರಸಿಯೇ ಕೆರೆ. ಕೆಲಸ ಮುಗಿದ ಮೇಲೆ ಪೈಪು ಬಿಗಿದು ಎರಡಿಂಚು ನೀರು ಕನಿಷ್ಠ 48 ಗಂಟೆ ನಿಲ್ಲಿಸಿ, ಕೆಳಗೆ ಒದ್ದೆ ಬಂತಾ ನೋಡಿಯೇ ಬಿಲ್ ಬರೆಯಬೇಕು. ಪ್ಯಾರಪೆಟ್ಟಿನಲ್ಲಿ ಅರಳಿ ಗಿಡ ಹುಟ್ಟಿದ್ದರೆ ಕಿತ್ತರೆ ಸಾಲದು, ಬೇರು ಸಾಯಿಸಿ ಬಿರುಕು ತುಂಬಬೇಕು.

ಕಾಲವೂ ಕೈಕೊಡುತ್ತದೆ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್. ಛಾವಣಿ ಕೆಲಸಕ್ಕೆ ಜನವರಿಯಿಂದ ಏಪ್ರಿಲ್ ಒಳ್ಳೆಯದು. ಆದರೆ ಬಜೆಟ್ ಮಾರ್ಚಿನಲ್ಲಿ, ಕ್ರಿಯಾಯೋಜನೆ ಆಮೇಲೆ, ನಗರಸಭೆಯಾದರೆ ಅದಕ್ಕೆ ಜಿಲ್ಲಾಧಿಕಾರಿಗಳ ಅನುಮೋದನೆ, ಆಮೇಲೆ ಸರ್ಕಾರಿ ಖರೀದಿಯ ಪಾರದರ್ಶಕತೆಗಿರುವ ಕೆಟಿಪಿಪಿ ಕಾಯ್ದೆಯಂತೆ ಟೆಂಡರ್. ಕಾರ್ಯಾದೇಶ ಕೈಗೆ ಬರುವ ಹೊತ್ತಿಗೆ ಮೋಡ ಕವಿದಿರುತ್ತದೆ. ಎಸ್ಟಿಮೇಟನ್ನು ಹಿಂದಿನ ನವೆಂಬರಿನಲ್ಲೇ, ಸೋರಿದ ಗುರುತು ಇನ್ನೂ ಹಸಿಯಾಗಿರುವಾಗ ಮಾಡಿಟ್ಟುಕೊಂಡರೆ ಅರ್ಧ ವರ್ಷ ಉಳಿಯುತ್ತದೆ.

ವಿದ್ಯುತ್ತಿನಲ್ಲಿ ಉಳಿತಾಯವೂ ಇದೆ, ಅಪಾಯವೂ ಇದೆ. ಹಳೆಯ ಹ್ಯಾಲೋಜನ್ ರಂಗದೀಪ ಒಂದಕ್ಕೆ 1,000 ವ್ಯಾಟ್. 24 ದೀಪಕ್ಕೆ 24 ಕಿಲೋವ್ಯಾಟ್. 200 ವ್ಯಾಟಿನ ಎಲ್‌ಇಡಿ ಹಾಕಿದರೆ 5ರೊಳಗೆ ಮುಗಿಯುತ್ತದೆ, ರಂಗದ ಮೇಲಿನ ಸೆಕೆಯೂ ಇಳಿಯುತ್ತದೆ. ಹಳೆಯ ಡಿಮ್ಮರಿಗೆ ಎಲ್‌ಇಡಿ ಸಿಕ್ಕಿಸಿದರೆ ಮಿಣಮಿಣ ಅನ್ನುತ್ತದೆ, ಕಂಟ್ರೋಲ್ ಬೋರ್ಡು ಸೇರಿಸಿಯೇ ಕೊಳ್ಳಬೇಕು. ಮೂರು ಫೇಸಿನ ಪ್ಯಾನೆಲ್ಲಿನಲ್ಲಿ ನ್ಯೂಟ್ರಲ್ ಸಡಿಲವಾದರೆ ಒಂದು ಫೇಸಿನಲ್ಲಿ ವೋಲ್ಟೇಜ್ ಏರಿ ಬಾಡಿಗೆ ತಂದ ಆಂಪ್ಲಿಫೈಯರ್ ಸುಡುತ್ತದೆ. ಸುಟ್ಟದ್ದು ಯಾರ ಲೆಕ್ಕ ಅಂತ ಜಗಳ. ಪ್ರತಿ ವರ್ಷ ನ್ಯೂಟ್ರಲ್ ಬಿಗಿ ಮಾಡಿ, ಅರ್ತಿಂಗ್ ಅಳೆದು ಗೋಡೆಗೆ ಚೀಟಿ ಅಂಟಿಸುವುದು ಒಬ್ಬ ಎಲೆಕ್ಟ್ರಿಷಿಯನ್ನಿನ ಒಂದು ದಿನದ ಕೆಲಸ. ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ಗುಬ್ಬಿ ಕಂಪನಿಯ ಜಿಲ್ಲೆಯಲ್ಲಿ ಹವ್ಯಾಸಿ ತಂಡಗಳು ಇವತ್ತಿಗೂ ಎಕ್ಸ್‌ಟೆನ್ಷನ್ ಬಾಕ್ಸ್ ಹೊತ್ತು ಬರಬೇಕಾದ ಸ್ಥಿತಿ ಸರಿಯಲ್ಲ. ಬುಕ್ ಮಾಡುವಾಗ ನೋಡಲೇಬೇಕಾದ ಇನ್ನೊಂದು ಸಂಗತಿ ಪಕ್ಕದ ಬಾಗಿಲುಗಳು. ಹೊರಕ್ಕೆ ತೆರೆಯುತ್ತವಾ, ಕಾರ್ಯಕ್ರಮದ ಹೊತ್ತಿಗೆ ಬೀಗ ತೆಗೆದಿರುತ್ತದಾ, ಮುರಿದ ಕುರ್ಚಿ ಅಡ್ಡ ಇಟ್ಟಿಲ್ಲ ತಾನೆ? 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತದ್ದು ಹೊರಹೋಗುವ ದಾರಿ ಸಿಗದೆ.

ಕ್ರೀಡಾಂಗಣದ ಲೆಕ್ಕ ಬೇರೆ ಜಾತಿಯದು. ಸಿಂಥೆಟಿಕ್ ಟ್ರ್ಯಾಕ್ ಎಲ್ಲಿದ್ದರೂ ಎಂಟು-ಹತ್ತು ವರ್ಷಕ್ಕೆ ಮೇಲ್ಪದರ ಹೊಸದಾಗಿ ಹಾಕಬೇಕು, ಆ ಖರ್ಚು ಉದ್ಘಾಟನೆಯ ದಿನವೇ ಗೊತ್ತಿರುತ್ತದೆ. ಅದಕ್ಕೆ ಮೊದಲೇ ಅದು ಹಾಳಾಗುವುದು ಓಡುವವರಿಂದಲ್ಲ: ಶಾಮಿಯಾನದ ಗೂಟ, ವೇದಿಕೆ ಸಾಮಾನಿನ ಲಾರಿ, ಜನರೇಟರಿನ ಡೀಸೆಲ್ ಸೋರಿಕೆ. ಸಭೆ ಸಮಾರಂಭಕ್ಕೆ ಬಾಡಿಗೆಗೆ ಕೊಡುವಾಗ ಟ್ರ್ಯಾಕ್ ದಾಟಲು ದಪ್ಪ ಪ್ಲೈವುಡ್ ಹಾಸು ಕಡ್ಡಾಯ ಅಂತ, ಠೇವಣಿ ಬಾಡಿಗೆಗಿಂತ ಹೆಚ್ಚು ಅಂತ ಷರತ್ತು ಇಲ್ಲದಿದ್ದರೆ ಆ ಬಾಡಿಗೆ ಲಾಭವಲ್ಲ. ಪಾರ್ಕುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಿಡಕ್ಕೆ ನೀರು, ನಡೆಯುವ ದಾರಿಗೆ ದೀಪ, ಶೌಚಾಲಯಕ್ಕೆ ಒಬ್ಬರು ಮನುಷ್ಯರು ಇದ್ದರೆ ಪಾರ್ಕು ತನ್ನಷ್ಟಕ್ಕೆ ತಾನೇ ನಡೆಯುತ್ತದೆ. ಅಮಾನಿಕೆರೆ ದಂಡೆಯಲ್ಲಿ ಬೆಳಗಿನ ಜನಸಂದಣಿಯೇ ಅದಕ್ಕೆ ಸಾಕ್ಷಿ.

ಚಿಕ್ಕಬಳ್ಳಾಪುರಕ್ಕೆ ಒಂದು ಅನುಕೂಲ ಇದೆ. ಜಿಲ್ಲೆಯಾದದ್ದು 2007ರಲ್ಲಿ, ಜಿಲ್ಲಾ ಮಟ್ಟದ ಕಟ್ಟಡಗಳಿಗೆ ಇನ್ನೂ ವಯಸ್ಸಾಗಿಲ್ಲ. ದೊಡ್ಡ ರಿಪೇರಿಗಳ ಕಾಲ ಬರುವ ಮೊದಲೇ ಕಟ್ಟಡವಾರು ಖಾತೆ ತೆರೆಯಲು ಅಲ್ಲಿ ಈಗಲೇ ಸಮಯ. ತುಮಕೂರಿನ ಹಾಗೆ ಕೋಟಿಗಳು ಒಟ್ಟಿಗೆ ಬಂದು ನಿಲ್ಲದ ಊರಿಗೆ ಇದು ಇನ್ನೂ ಮುಖ್ಯ.

ಸಭಾಂಗಣ ಹಿಡಿಯುವವರಿಗೆ ಕೊನೆಯದಾಗಿ: ಬಾಡಿಗೆಯಲ್ಲಿ ಜಿಎಸ್‌ಟಿ ಸೇರಿದೆಯೋ ಬೇರೆಯೋ, ಜನರೇಟರ್ ಡೀಸೆಲ್ ಯಾರದ್ದು, ಹಿಂದಿನ ರಾತ್ರಿ ಸೆಟ್ ಹಾಕಲು ಬಿಡುತ್ತಾರಾ, ಠೇವಣಿ ಎಷ್ಟು ದಿನಕ್ಕೆ ವಾಪಸ್, ನಾಲ್ಕನ್ನೂ ರಸೀದಿಯ ಹಿಂದೆ ಬರೆಸಿ. ಬೀಗ ತೆಗೆದ ಕೂಡಲೇ ಮುರಿದ ಕುರ್ಚಿ, ಒಡೆದ ಕನ್ನಡಿಗಳ ಫೋಟೋ ತೆಗೆದು ಉಸ್ತುವಾರಿಯವರಿಗೆ ವಾಟ್ಸಾಪ್ ಮಾಡಿ, ಠೇವಣಿ ಉಳಿಯುತ್ತದೆ. ಸೂರು ಸೋರುತ್ತಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ವಿಷಯವೂ ಒಂದೇ ಇರಬೇಕು. ಕಥೆ ಬರೆಯದೆ ಮೂರು ಸಾಲು ಕೇಳಿ: ಕೊನೆಯ ಛಾವಣಿ ಕಾಮಗಾರಿಯ ದೋಷ ಹೊಣೆಗಾರಿಕೆ ಯಾವ ತಾರೀಖಿಗೆ ಮುಗಿಯುತ್ತದೆ, ಹಿಡಿದಿಟ್ಟ ಠೇವಣಿ ಎಷ್ಟು, ಅದು ಬಿಡುಗಡೆಯಾಗಿದೆಯೇ? ಉತ್ತರಕ್ಕೆ 30 ದಿನ ಗಡುವು. ಆದ್ದರಿಂದ ಅರ್ಜಿ ಮಳೆಗಾಲಕ್ಕೆ ಮೊದಲೇ ಹೋಗಲಿ.